ಪ್ರಶ್ನೆ ಮೊದಲು, ಹೆಸರು ಆಮೇಲೆ

ಶಿರಾದ ಕಂಬಳಿ ವ್ಯಾಪಾರಿ ಹಬೀಬ್ ಸಾಬರ ಮಗಳು ರಹೀಮುನ್ನೀಸಾ ಪಾಠ ಹೇಳಿದ್ದು ತನ್ನ ತಾಯಿಯೊಬ್ಬಳಿಗೇ. ಅಡುಗೆಮನೆಯೇ ಶಾಲೆ, ಮಸಿ ಹಿಡಿದ ಗೋಡೆಯೇ ಕಪ್ಪುಹಲಗೆ.

ಹುಡುಗಿ ತುಮಕೂರಿನ ಕಾಲೇಜೊಂದರಲ್ಲಿ ಬಿ.ಎ. ಓದುತ್ತಿದ್ದಳು. ಮಿಡ್ಲ್ ಸ್ಕೂಲಿನ ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದನ್ನೂ ಅಲ್ಲಿ ಒಂದು ವಿಷಯವಾಗಿ ಓದಿಸುತ್ತಿದ್ದರು. ಊರಿಗೆ ಬಂದಾಗಲೆಲ್ಲ ಕಲಿತದ್ದನ್ನು ತಾಯಿ ಅಫ್ಜಲುನ್ನೀಸಾ ಮುಂದೆ ಒಪ್ಪಿಸಿ ನೋಡುತ್ತಿದ್ದಳು.

"ಪ್ರಶ್ನೆ ಮೊದಲು, ಹೆಸರು ಆಮೇಲೆ, ಅಮ್ಮೀ. ಮೊದಲೇ ಹೆಸರು ಕೂಗ್ಬುಟ್ರೆ ಮಿಕ್ಕ ಮಕ್ಕಳು ತೂಕಡಿಸ್ತಾವೆ. ಕೇಳಿ ಸುಮ್ಮನೆ ನಿಂತ್ಕೋಬೇಕು. ಎಲ್ಲರ ಮುಖ ನೋಡ್ಬೇಕು."

"ನಿನ್ನ ಕ್ಲಾಸಿಗೆ ನಾನೊಬ್ಬಳೇ ಅಲ್ವೇನೇ! ಇನ್ಯಾರ ಮುಖ ನೋಡ್ತೀಯ, ಈ ಬೆಕ್ಕಿಂದಾ?"

ಹಾಗಂದರೂ ಪ್ರಶ್ನೆ ಕಿವಿಗೆ ಬಿದ್ದೊಡನೆ ಅಫ್ಜಲುನ್ನೀಸಾ ಸೆರಗು ಸರಿಮಾಡಿಕೊಂಡು, ಕೈಯಲ್ಲಿದ್ದ ಸೌಟಿನ ಸಮೇತ ಎದ್ದು ನಿಲ್ಲುತ್ತಿದ್ದಳು.

"ಜಯಮಂಗಲಿ ಹುಟ್ಟೋದು ದೇವರಾಯನದುರ್ಗದಲ್ಲಿ, ಮೇಡಂ."

"ಸರಿ ಉತ್ತರ. ಕೂತ್ಕೊ."

ತಾಯಿ ಮಗಳು ಬಿದ್ದು ಬಿದ್ದು ನಗುತ್ತಿದ್ದರು. ಸೀಮೆಸುಣ್ಣದಲ್ಲಿ ಬರೆದ ಆ ನದಿ ಒಲೆಯ ಮೇಲುಗಡೆ ಗೋಡೆಯಲ್ಲಿ ಹಾಗೇ ಉಳಿದಿತ್ತು. ಅಳಿಸಲು ತಾಯಿಯೇ ಬಿಟ್ಟಿರಲಿಲ್ಲ.

ಕಡೆಯ ವರ್ಷ ಜೊತೆಯ ಹುಡುಗಿಯರೆಲ್ಲ ಶಾಲೆಗಳಿಗೆ ಹೋಗಿ ನಿಜವಾದ ಮಕ್ಕಳೆದುರು ಪಾಠ ಮಾಡತೊಡಗಿದರು. ರಹೀಮುನ್ನೀಸಾಳನ್ನು ಮಾತ್ರ ಯಾರೂ ಕರೆಯಲಿಲ್ಲ. ಅಣ್ಣ ಕುತುಬುದ್ದೀನ್ ಸಮಾಧಾನ ಹೇಳಿದ: "ಪರದೆ ಹಾಕೋ ಗೋಷಾ ಮನೆತನ ಅಂತ ಕಾಲೇಜಿನೋರು ನಿನಗೆ ಮಾಫಿ ಕೊಟ್ಟವ್ರೆ. ಡಿಗ್ರಿಗೂ ತೊಂದರೆಯಿಲ್ಲ, ಕೆಲಸಕ್ಕೂ ತೊಂದರೆಯಿಲ್ಲ."

"ಪಾಠ ಮಾಡ್ದೆ ಟೀಚರ್ ಆಗೋದು ಹೆಂಗೆ ಭಾಯ್?"

ತಾಯಿ ಹಿಟ್ಟು ನಾದುತ್ತಲೇ ನಕ್ಕಿದ್ದಳು. "ನನಗೆ ಅಷ್ಟೊಂದು ಪಾಠ ಮಾಡಿದ್ದೀಯಲ್ಲ, ಸಾಲದೇನು?"

ತಾಯಿ ನಕ್ಕ ಮೇಲೆ ಮಗಳ ಅನುಮಾನವೂ ಹೋಯಿತು.

ಬಿ.ಎ. ಮುಗಿಯಿತು. ಮಧುಗಿರಿಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲೊಂದರಲ್ಲಿ ಜಾಗ ಖಾಲಿಯಿದೆ ಎಂದು ತಿಳಿದು ರಹೀಮುನ್ನೀಸಾ ಅಣ್ಣನ ಜೊತೆ ಬಸ್ಸು ಹತ್ತಿದಳು. ಹೆಡ್ ಮೇಡಂ ಸರಸಮ್ಮ ಎಲ್ಲ ವಿಚಾರಿಸಿ ಕನ್ನಡಕ ತೆಗೆದಿಟ್ಟರು.

"ಓದೆಲ್ಲ ಚೆನ್ನಾಗೈತೆ ಕಣಮ್ಮ. ಆದ್ರೆ ಕ್ಲಾಸಲ್ಲಿ ನಿಂತು ಮಾಡಿದ ಪಾಠ ಒಂದೂ ಇಲ್ವಲ್ಲ. ಅದಿಲ್ದೆ ಕೆಲಸ ಕೊಡೋಕೆ ಬರಾಕಿಲ್ಲ."

"ಕಾಲೇಜಿನೋರು ನನಗೆ ಮಾಫಿ ಕೊಟ್ಟಿದ್ರು, ಮೇಡಂ."

"ಯಾವ ಮಾಫಿ? ಇಲ್ಲಿಗೆ ಬರೋ ಮುಂಚೆ, ಆ ವರ್ಷ ತುಮಕೂರಲ್ಲಿ ನಿಮ್ಮ ಪಾಠಗಳ ಉಸ್ತುವಾರಿ ನಂದೇ ಇತ್ತು. ನಿನಗೇ ಅಂತ ಹೆಣ್ಣುಮಕ್ಕಳ ಸ್ಕೂಲೂ ಗೊತ್ತು ಮಾಡಿದ್ದೆ. ನಿಮ್ಮಣ್ಣ ಬಂದು ಬೇಡ ಅಂದ. ಮುಂದೆ ಟೀಚರ್ ಆಗೋಕಾಗಲ್ಲ ಕಣಯ್ಯ ಅಂದ್ರೆ, 'ಮನೇಲಿ ಅದೇ ಬೇಕಂತೆ, ಅದಕ್ಕೇ ನನ್ನ ಕಳಿಸವ್ರೆ' ಅಂದ. ನಿನಗೂ ಗೊತ್ತು ಅಂದ್ಕೊಂಡಿದ್ದೆನಲ್ಲಮ್ಮ!"

"ಈಗ ಮಾಡ್ಬೋದಾ?"

"ಆ ಓದು ಮುಗಿದೋಯ್ತು ಕಣಮ್ಮ. ಮತ್ತೆ ಮೊದಲಿಂದ ಟ್ರೈನಿಂಗಿಗೆ ಸೇರ್ಬೇಕು. ಅದಕ್ಕೂ ಮನೆಯೋರು ಒಪ್ಪಬೇಕಲ್ಲ."

ಹೊರಗೆ ಹೊಂಗೆಮರದಡಿ ಕಾಯುತ್ತಿದ್ದ ಕುತುಬುದ್ದೀನ್, ಕೆಲಸ ಏನಾಯಿತು ಎಂದು ಕೇಳಲಿಲ್ಲ. "ಸೋಡಾ ಕುಡೀತೀಯಾ?" ಎಂದ. ಅವಳಿಗೆ ಅಷ್ಟೇ ಸಾಕಾಯಿತು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಹುಳ. ಅಣ್ಣನಿಗೆ ಸ್ವಂತ ಬುದ್ಧಿಯಿಂದ ತುಮಕೂರಿಗೆ ಹೋಗಿಬರುವಷ್ಟು ಎದೆಗಾರಿಕೆ ಇಲ್ಲ. ಕಳಿಸಿದ್ದು ಅಬ್ಬಾನೇ ಇರಬೇಕು. ಅಂಗಡಿಗೆ ಬಂದವರ ಹತ್ತಿರವೆಲ್ಲ "ನಮ್ಮ ಹುಡುಗಿ ಮೇಡಂ ಆಗ್ತಾಳೆ" ಎಂದು ಕೊಚ್ಚಿಕೊಳ್ಳುವ ಅಬ್ಬಾ! ಇರಲಿ, ಅಮ್ಮಿಯಾದರೂ ತನ್ನ ಪರ ನಿಂತಾಳು. ಇನ್ನೊಮ್ಮೆ ಓದಲು ಕಳಿಸಿ ಎಂದು ಅಮ್ಮಿಯಿಂದಲೇ ಹೇಳಿಸಬೇಕು ಎಂದುಕೊಂಡಳು.

ಮನೆ ಸೇರಿದಾಗ ಚಾಪೆಯ ಮೇಲೆ ಊಟಕ್ಕೆ ಹಾಕಿತ್ತು. ಅಬ್ಬಾ ಕೂತಿದ್ದರು, ಅಣ್ಣ ಕೈ ತೊಳೆದು ಕೂತ, ಅಮ್ಮಿ ಸಾರು ಬಡಿಸುತ್ತ ಕೂತಿದ್ದಳು. ರಹೀಮುನ್ನೀಸಾ ಕೂರಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ಬೆನ್ನು ಮಾಡಿ ನಿಂತು, ಯಾರ ಹೆಸರನ್ನೂ ಹಿಡಿಯದೆ ಕೇಳಿದಳು.

"ನನ್ನ ಪಾಠ ತಪ್ಪಿಸೋಕೆ ಭಾಯ್‌ನ ತುಮಕೂರಿಗೆ ಕಳಿಸಿದ್ದು ಯಾರು?"

ಕೇಳಿ, ಸುಮ್ಮನೆ ನಿಂತಳು.

ಕುತುಬುದ್ದೀನ್ ತಟ್ಟೆಯಿಂದ ತಲೆಯೆತ್ತಲಿಲ್ಲ. ಹಬೀಬ್ ಸಾಬರು ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, "ಯಾವ ಪಾಠ? ಯಾಕೆ ಹೋಗಿದ್ದೆಯೋ ನೀನು?" ಎಂದು ಮಗನತ್ತ ತಿರುಗಿದರು. ಆ ಮುಖದಲ್ಲಿ ಸುಳ್ಳಿರಲಿಲ್ಲ. 'ಅಬ್ಬಾ' ಎಂದು ನಾಲಗೆಯ ತುದಿಗೆ ಬಂದಿದ್ದ ಹೆಸರು ಅಲ್ಲೇ ಉಳಿಯಿತು.

ಅಷ್ಟರಲ್ಲಿ ಅಫ್ಜಲುನ್ನೀಸಾ ಸೆರಗು ಸರಿಮಾಡಿಕೊಂಡು, ಸೌಟಿನ ಸಮೇತ ಎದ್ದು ನಿಂತಳು.

"ನಾನೇ. ಪಾಠ ಹೇಳ್ಕೊಂಡು ಊರೂರು ತಿರುಗೋಳನ್ನ ಹೆಣ್ಣು ಕೇಳ್ಕೊಂಡು ಯಾರು ಬರ್ತಾರೆ ಬೇಟಾ? ನಿನ್ನ ಅಬ್ಬಾ ಹೋಗ್ಲಿ ಬುಡು ಅಂತಾರೆ, ಅವರಿಗೇನು. ನಿನ್ನ ಮುಖ ನೋಡ್ಕೊಂಡು ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ಅದಕ್ಕೇ ಅವತ್ತು ನಕ್ಕಿದ್ದಾ?"

ತಾಯಿಯ ಕೈಯಲ್ಲಿದ್ದ ಸೌಟಿನಿಂದ ಸಾರು ಚಾಪೆಗೆ ತೊಟ್ಟಿಕ್ಕುತ್ತಿತ್ತು.

"ಸರಿ ಉತ್ತರ. ಕೂತ್ಕೊ."

ಅಫ್ಜಲುನ್ನೀಸಾ ಕೂರಲಿಲ್ಲ. ರಹೀಮುನ್ನೀಸಾ ಅಡುಗೆಮನೆಗೆ ಹೋಗಿ ಬಟ್ಟೆ ನೆನೆಸಿದಳು. ಒಲೆಯ ಮೇಲುಗಡೆ ಗೋಡೆಯಲ್ಲಿದ್ದ ಜಯಮಂಗಲಿಯನ್ನು, ಅದು ಹುಟ್ಟುವ ಬೆಟ್ಟದಿಂದಲೇ ಒರೆಸತೊಡಗಿದಳು.