ಅತ್ತೆಯ ಅಳತೆಯ ಮೇಜು

ಬಸುರಿ ಹೆಂಗಸು ಸೊಂಟ ನೋವು ಎಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಒಂದೇ: "ನಾವೆಲ್ಲ ಹೆರಲಿಲ್ವಾ?" ಹಾಗೆ ಹೇಳುವವರು ಕೆಟ್ಟವರೇನಲ್ಲ. ಆದರೆ ಆ ಒಂದು ಮಾತಿಗೆ ನೋವು ತಿನ್ನುವವಳ ಬಾಯಿ ಮುಚ್ಚಿಹೋಗುತ್ತದೆ. ನಮ್ಮ ಪಕ್ಕದ ಇಸ್ತ್ರಿ ಅಂಗಡಿಯಲ್ಲಿ ಆದದ್ದೂ ಅದೇ.

ನನ್ನದು ಹೊಲಿಗೆ ಅಂಗಡಿ. ಎರಡು ಅಂಗಡಿಗೂ ನಡುವೆ ಇರುವುದು ಒಂದು ತೆಳು ಗೋಡೆ. ಇಸ್ತ್ರಿ ಅಂಗಡಿ ನಡೆಸುವವರು ಅತ್ತೆ ಸೊಸೆ ಇಬ್ಬರೇ. ಅತ್ತೆಗೆ ಬೀದಿಯವರು ಇಟ್ಟ ಹೆಸರು ಗರಿಗರಿ ಅಮ್ಮ. ಬಟ್ಟೆಯಲ್ಲಾಗಲಿ ಮಾತಿನಲ್ಲಾಗಲಿ ಒಂದು ಸುಕ್ಕನ್ನೂ ಅವರು ಸಹಿಸುವುದಿಲ್ಲ. ಆಳು ಗಿಡ್ಡ, ದನಿ ದೊಡ್ಡದು. ಸೊಸೆ ಇದಕ್ಕೆ ತದ್ವಿರುದ್ಧ. ಅಂಗಡಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ, ಮಾತು ಮಾತ್ರ ಅಳೆದೂ ತೂಗಿ.

ಆ ಹುಡುಗಿಯ ಕೆಲಸ ನೋಡಬೇಕು! ಗುಂಡಿಗಳ ಸಂದಿಯಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ನುಸುಳಿ ಹೊರಬರುವುದನ್ನು ನಾನು ಹೊಲಿಗೆ ನಿಲ್ಲಿಸಿ ನೋಡಿದ್ದುಂಟು. ನಾನು ಹೊಲಿದ ಅಂಗಿಗೆ ಕಳೆ ಬರುವುದು ಅವಳ ಕೈಗೆ ಹೋಗಿಬಂದ ಮೇಲೆಯೇ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅವಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಗೋಡೆಯಾಚೆಯ ಇಸ್ತ್ರಿಯ ಸದ್ದು ನಿಂತು ನಿಂತು ಬರತೊಡಗಿತು. ಇಣುಕಿ ನೋಡಿದರೆ ಮೇಜಿಗೆ ಕೈಯೂರಿ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದಳು. ಕೇಳಿದರೆ "ಏನಿಲ್ಲ ಅಕ್ಕ" ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಹೋದ ಹೊತ್ತು ನೋಡಿಕೊಂಡು ನನ್ನ ಅಂಗಡಿಗೆ ಬಂದಳು.

"ಅಕ್ಕ, ಮೆಡಿಕಲ್ ಶಾಪಿಂದ ಒಂದು ನೋವಿನ ಮಾತ್ರೆ ತಂದ್ಕೊಡ್ತೀರಾ? ಅತ್ತೆಗೆ ಗೊತ್ತಾಗ್ಬಾರ್ದು."

"ಯಾಕಮ್ಮಾ, ಅಷ್ಟು ನೋವಾ?"

"ಮಲಗಿದ್ರೆ ಮಗ್ಗುಲು ಬದಲಾಯ್ಸೋಕೂ ಆಗಲ್ಲ. ಬೆಳಗ್ಗೆ ಎದ್ರೆ ಕಾಲು ಊರೋಕಾಗಲ್ಲ. ಅತ್ತೆಗೆ ಹೇಳಿದ್ರೆ ಮೈಗಳ್ಳಿ ಅಂದ್ಕೋತಾರೆ. ಇಲ್ಲಾಂದ್ರೆ 'ಆಗ್ದಿದ್ರೆ ಮನೇಲಿ ಕೂತ್ಕೋ' ಅಂತಾರೆ. ನಂಗೆ ಈ ಕೆಲಸ ಬಿಡೋಕೆ ಇಷ್ಟ ಇಲ್ಲ ಅಕ್ಕ." ಹೇಳುತ್ತಲೇ ಕಣ್ಣು ತುಂಬಿಕೊಂಡಳು.

ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು ಕಂಡಕಂಡ ಮಾತ್ರೆ ನುಂಗುವುದೇ? "ಮಾತ್ರೆ ಮಾತು ಬಿಡು. ಸಾಯಂಕಾಲ ಸಿಸ್ಟರ್ ಬರ್ತಾರಲ್ಲ, ಅವರನ್ನೇ ಕೇಳೋಣ" ಎಂದೆ. ಹೆರಿಗೆ ಆಸ್ಪತ್ರೆಯ ನರ್ಸ್ ಒಬ್ಬರು ತಮ್ಮ ಸಮವಸ್ತ್ರವನ್ನು ಇಸ್ತ್ರಿಗೆ ಕೊಡುವುದು ಆ ಅಂಗಡಿಗೇ.

ಸಂಜೆ ನರ್ಸ್ ಬಂದದ್ದೇ ತಡ, ಸುತ್ತಿಬಳಸದೆ ನಾನೇ ವಿಷಯ ಎತ್ತಿದೆ. ಗರಿಗರಿ ಅಮ್ಮನ ಮುಖ ಗಂಟಾಯಿತು.

"ನೋವಾ? ಸಿಸ್ಟರ್, ನಾನು ಮೂರು ಹೆತ್ತಿದೀನಿ, ಇದೇ ಮೇಜಿನ ಮುಂದೆ ನಿಂತ್ಕೊಂಡು. ಹೆರಿಗೆ ಹಿಂದಿನ ದಿನಾನೂ ಇಸ್ತ್ರಿ ಮಾಡಿದೀನಿ. ಒಂದಿನ ಸೊಂಟ ಹಿಡ್ಕೊಂಡೋಳಲ್ಲ. ಈಗಿನವರಿಗೆ ಮುಟ್ಟಿದ್ರೆ ನೋವು, ಬಿಟ್ರೆ ನೋವು!"

ನರ್ಸ್ ವಾದಕ್ಕೆ ಇಳಿಯಲಿಲ್ಲ. ಸೊಸೆಯನ್ನು ಕುರ್ಚಿಯಲ್ಲಿ ಕೂರಿಸಿ, "ನೋವು ಬಿಟ್ಟು ಬಿಟ್ಟು ಬಂದು ಜಾಸ್ತಿ ಆಗ್ತಿದ್ಯಾ? ರಕ್ತ, ನೀರು ಏನಾದ್ರೂ ಹೋಯ್ತಾ? ಜ್ವರ, ಉರಿಮೂತ್ರ? ಕಾಲು ಜೋಮು ಹಿಡಿಯುತ್ತಾ? ಮಗು ಎಂದಿನ ಹಾಗೆ ಆಡ್ತಿದ್ಯಾ?" ಎಂದು ಕೇಳಿದರು. ಅಂಥದ್ದೇನೂ ಇಲ್ಲ, ಮಗು ಚೆನ್ನಾಗಿ ಆಡುತ್ತಿದೆ ಎಂದಳು.

"ಒಳ್ಳೇದು. ನೋವು, ರಕ್ತ, ಜ್ವರ ಅಂತ ನಾನು ಕೇಳಿದ್ರಲ್ಲಿ ಯಾವುದೇ ಒಂದು ಕಂಡ್ರೂ, ಮಗು ಆಡೋದು ಕಮ್ಮಿ ಆದ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ. ಇಲ್ನೋಡಮ್ಮ, ಮಗು ಹೊರಗೆ ಬರೋಕೆ ದಾರಿ ಆಗ್ಲಿ ಅಂತ ಸೊಂಟದ ಕೀಲುಗಳು ಈಗ್ಲೇ ಸಡಿಲ ಆಗ್ತಾ ಇರ್ತವೆ. ಹೊಟ್ಟೆ ಭಾರ ಮುಂದಕ್ಕೆ ಎಳೆಯುತ್ತೆ, ಬೆನ್ನು ಹಿಂದಕ್ಕೆ ಜಗ್ಗುತ್ತೆ. ನೋವು ನಿಜವಾದದ್ದೇ, ನೆಪ ಅಲ್ಲ." ಆಮೇಲೆ ಅತ್ತೆಯತ್ತ ತಿರುಗಿದರು. "ಅಮ್ಮ, ನೀವೊಂದು ಅಂಗಿ ಇಸ್ತ್ರಿ ಮಾಡಿ ತೋರಿಸ್ತೀರಾ?"

ಗರಿಗರಿ ಅಮ್ಮನಿಗೆ ಅಷ್ಟು ಸಾಕು. ಸೆರಗು ಬಿಗಿದು ನಿಂತರು. ಬೆನ್ನು ನೆಟ್ಟಗೆ, ಮೊಣಕೈ ಮೇಜಿನಿಂದ ತುಸುವೇ ಮೇಲೆ, ಕೈ ಆಡುವುದು ನೋಡಲು ಚೆಂದ. ಆಮೇಲೆ ನರ್ಸ್ ಸೊಸೆಯನ್ನು ನಿಲ್ಲಿಸಿದರು. ಅದೇ ಮೇಜಿನ ಮೇಲೆ ಕೈಯಾಡಿಸಲು ಅವಳು ಬಗ್ಗಬೇಕಾಯಿತು. ಹೊಟ್ಟೆ ಅಡ್ಡ ಬರುವುದರಿಂದ ಪಕ್ಕಕ್ಕೂ ವಾಲಬೇಕಾಯಿತು. ಮೈಭಾರವೆಲ್ಲ ಒಂದೇ ಕಾಲಿನ ಮೇಲೆ ಬಿತ್ತು. ವರ್ಷಗಟ್ಟಲೆ ಪಕ್ಕದಲ್ಲೇ ಇದ್ದ ನನಗೂ ಅದು ಕಂಡಿರಲಿಲ್ಲ ನೋಡಿ.

"ಈ ಮೇಜು ಯಾರ ಅಳತೆಗೆ ಮಾಡ್ಸಿದ್ದಮ್ಮ?" ಎಂದರು ನರ್ಸ್.

ಗರಿಗರಿ ಅಮ್ಮನ ದನಿ ಇಳಿಯಿತು. "ನಂದೇ. ಆಗ ನಾನು ಚೊಚ್ಚಲ ಬಸುರಿ. ಮೊದ್ಲಿದ್ದ ಮೇಜು ಎತ್ತರ. ಇವಳು ತೋಳು ಎತ್ತಿ ಎತ್ತಿ ದಣೀತಾಳೆ ಅಂತ ನಮ್ಮನೆಯವ್ರು ಬಡಗೀನ ಕರ್ಸಿ, ನನ್ನ ನಿಲ್ಸಿ ಅಳತೆ ತಗೊಂಡು ಮಾಡ್ಸಿದ್ರು." ಮೇಜಿನ ಅಂಚನ್ನು ಅಂಗೈಯಿಂದ ಸವರಿದರು. "ನಂಗೆ ನೋವೇ ಬರ್ಲಿಲ್ಲ ಅಂತ ಊರಿಗೆಲ್ಲ ಜಂಬ ಕೊಚ್ಕೊಂಡೆ. ನಂಗೆ ಮೇಜು ಮಾಡ್ಸಿಕೊಡೋರು ಇದ್ರು ಅನ್ನೋದನ್ನ ಮರ್ತೇಬಿಟ್ನಲ್ಲ!"

"ಮೇಜೊಂದೇ ಅಲ್ಲಮ್ಮ, ಒಬ್ಬೊಬ್ಬರ ಮೈ ಒಂದೊಂದು ಥರ" ಎಂದರು ನರ್ಸ್. ಆದರೆ ಅತ್ತೆ ಆಗಲೇ ಸೊಸೆಯ ಕೈ ಹಿಡಿದುಕೊಂಡಿದ್ದರು. "ಹೇಳ್ಬಾರ್ದಿತ್ತೇನೇ ನಂಗೆ?" ಎಂದರು. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗಿರಾಕಿಗಳ ಮನೆಯಿಂದ ಬಟ್ಟೆಗಂಟು ತಂದ ಮಗ, ಅಂದರೆ ಸೊಸೆಯ ಗಂಡ, ಮೊಪೆಡ್ ಇಳಿಯುವ ಮೊದಲೇ ಮೇಜು ಎತ್ತರಿಸಲು ಅಪ್ಪಣೆಯಾಯಿತು. ಅವನು ಬಡಗಿಯಿಂದ ಮರದ ತುಂಡುಗಳನ್ನು ತಂದು ಮೇಜಿನ ಕಾಲುಗಳ ಕೆಳಗೆ ಅಲುಗದಂತೆ ಕೂರಿಸಿದ. ಈಗ ಮೇಜು ಅತ್ತೆಗೆ ಎತ್ತರವಾಯಿತು. "ನಂಗೊಂದು ಹಲಗೆ ಹಾಕೋ, ಹತ್ತಿ ನಿಂತ್ಕೋತೀನಿ. ಈ ವಯಸ್ಸಲ್ಲಾದ್ರೂ ಬೆಳೀತೀನಿ" ಎಂದರು.

ನರ್ಸ್ ಸೊಸೆಗೆ ಉಳಿದದ್ದನ್ನೂ ಹೇಳಿಕೊಟ್ಟರು. "ಮೇಜಿನ ಕೆಳಗೆ ಗಿಡ್ಡ ಮಣೆ ಇಟ್ಕೋ. ಒಂದು ಕಾಲು ಅದರ ಮೇಲೆ, ಸ್ವಲ್ಪ ಹೊತ್ತಿಗೆ ಇನ್ನೊಂದು. ಸುಸ್ತಾಗೋ ತನಕ ನಿಲ್ಬೇಡ, ನಡುನಡುವೆ ಕೂತ್ಕೋ, ನಾಲ್ಕು ಹೆಜ್ಜೆ ಓಡಾಡು. ಗಂಟು ಎತ್ಬೇಡ. ನೆಲದಿಂದ ಸಣ್ಣದೇನಾದ್ರೂ ತಗೋಬೇಕಾದ್ರೆ ಮಂಡಿ ಮಡಿಸಿ ತಗೋ, ಸೊಂಟ ಬಗ್ಗಿಸ್ಬೇಡ. ಹಿಮ್ಮಡಿ ಎತ್ತರದ ಚಪ್ಪಲಿ ಬೇಡ."

"ರಾತ್ರಿ ಸಿಸ್ಟರ್?"

"ಮಗ್ಗುಲಾಗಿ ಮಲಗಿ ಮಂಡಿ ಮಡಿಸ್ಕೋ. ಎರಡು ಮಂಡಿ ಮಧ್ಯೆ ಒಂದು ದಿಂಬು, ಹೊಟ್ಟೆ ಕೆಳಗೆ ಒಂದು. ಮಗ್ಗುಲು ಬದಲಾಯ್ಸುವಾಗ ಮಂಡಿ ಎರಡೂ ಜೋಡಿಸ್ಕೊಂಡೇ ಹೊರಳು. ಸೊಂಟಕ್ಕೆ ಬೆಚ್ಚಗಿನ ಟವೆಲ್ ಇಟ್ಕೋಬಹುದು. ಕೈಗೆ ಹಿತವಾಗೋಷ್ಟು ಬಿಸಿ ಮಾತ್ರ, ಹೊಟ್ಟೆ ಮೇಲೆ ಬೇಡ."

"ಟವೆಲ್ ಬಿಸಿ ಮಾಡೋದು ನಮಗೆ ಹೇಳ್ಕೊಡ್ಬೇಕಾ!" ಎಂದರು ಗರಿಗರಿ ಅಮ್ಮ. ಎಲ್ಲರೂ ನಕ್ಕೆವು.

ಮರುದಿನ ಅವರೇ ಅಂಗಡಿಗೆ ಬೀಗ ಹಾಕಿ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ್ ಪರೀಕ್ಷೆ ಮಾಡಿ, ಗಾಬರಿಪಡುವಂಥದ್ದಿಲ್ಲ ಎಂದರು. ತಾವು ಬರೆದುಕೊಡದ ಯಾವ ಮಾತ್ರೆಯನ್ನೂ ನುಂಗಬಾರದೆಂದರು. ಒಂದು ಹಗುರ ವ್ಯಾಯಾಮವನ್ನೂ ಕಲಿಸಿ ಕಳಿಸಿದರು: ಅಂಗೈ ಮತ್ತು ಮಂಡಿ ಊರಿ, ಬೆಕ್ಕು ಮೈಮುರಿಯುವ ಹಾಗೆ ಬೆನ್ನನ್ನು ನಿಧಾನವಾಗಿ ಮೇಲಕ್ಕೆ ಬಾಗಿಸಿ ಮತ್ತೆ ಸಮಕ್ಕೆ ತರುವುದು. ಅದನ್ನು ಮಾಡಿಸುವ ಉಸ್ತುವಾರಿಯೂ ಅತ್ತೆಯದೇ.

ನೋವು ಪೂರ್ತಿ ಮಾಯವಾಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಹುಡುಗಿ ನಿದ್ದೆ ಮಾಡುತ್ತಿದ್ದಾಳೆ, ಕೆಲಸವನ್ನೂ ಬಿಟ್ಟಿಲ್ಲ. ಬಟ್ಟೆಗಂಟಿಗೆ ಕೈ ಹಾಕಿದರೆ ಸಾಕು, "ಬಿಡೇ ಅದನ್ನ! ನಿನ್ ಗಂಡನಿಗೆ ಕೈಯಿಲ್ವಾ?" ಎಂಬ ದನಿ ಗೋಡೆ ದಾಟಿ ನನಗೂ ಕೇಳುತ್ತದೆ. ತಾನು ತಪ್ಪು ತಿಳಿದಿದ್ದೆ ಎಂದು ಎಲ್ಲರೆದುರು ಒಪ್ಪಿ, ಮರುಗಳಿಗೆಯೇ ಸೊಸೆಗಾಗಿ ಹಲಗೆ ಹತ್ತಿ ನಿಂತ ಆ ಗಿಡ್ಡ ಹೆಂಗಸನ್ನು ಕಂಡರೆ ನನಗೆ ಹೆಮ್ಮೆ.

ಬಸುರಿ ತಂಗಿಯರೇ, ನೋವನ್ನು ನುಂಗಿಕೊಳ್ಳಬೇಡಿ, ಕೇಳದೆ ಮಾತ್ರೆಯನ್ನೂ ನುಂಗಬೇಡಿ. ಮನೆಯವರಿಗೆ ಹೇಳಿ, ನರ್ಸ್‌ಗೆ ಹೇಳಿ, ಡಾಕ್ಟರಿಗೆ ತೋರಿಸಿ. ಅತ್ತೆಯರೇ, ಗಂಡಂದಿರೇ, ನಿಮ್ಮ ಮನೆಯ ಬಸುರಿ ಪಾತ್ರೆ ತೊಳೆಯುವ ಕಡೆ, ಬಟ್ಟೆ ಒಗೆಯುವ ಕಡೆ, ದುಡಿಯುವ ಕಡೆ ಹೋಗಿ ನೋಡಿ. ಅವಳು ಎಲ್ಲಿ ಬಗ್ಗುತ್ತಾಳೆ, ಏನು ಹೊರುತ್ತಾಳೆ, ಎಷ್ಟು ಹೊತ್ತು ನಿಲ್ಲುತ್ತಾಳೆ ಎಂಬುದು ಕಣ್ಣಿಗೆ ಬೀಳುತ್ತದೆ. ಅವಳು ನೋವು ಎಂದಾಗ "ನಾವೆಲ್ಲ ಹೆರಲಿಲ್ವಾ" ಎನ್ನಬೇಡಿ. "ಎಲ್ಲಿ ನೋವು, ಏನು ಮಾಡ್ಲಿ?" ಎಂದು ಕೇಳಿ. ಇವತ್ತೇ ಕೇಳಿ.