ನೋಯೆಮಿಯ ಕೂಗು

ನೀವೆಸ್ ಜೋಫೋಲಿಗೆ ಇಬ್ಬರು ಮೊಮ್ಮಕ್ಕಳು. ಮಗಳು ಮಾರ್ಜಿಯಾಳ ಮಗಳು ನೋಯೆಮಿ ವರ್ಷವಿಡೀ ಅವಳ ಮನೆಯಲ್ಲೇ ಇರುತ್ತಿದ್ದಳು. ಮಗ ಇವಾನೋನ ಮಗ ಡೆನಿಸ್ ಬೇಸಿಗೆಯಲ್ಲಿ ಒಂದು ವಾರದ ಮಟ್ಟಿಗೆ ಮಿಲಾನಿನಿಂದ ಬರುತ್ತಿದ್ದ. ಇಬ್ಬರಿಗೂ ಒಂಬತ್ತು ವರ್ಷ. ಅವನು ಬಂದ ವಾರ ಬೀರುವಿನಿಂದ ಹೊಸ ಟವೆಲುಗಳು ಹೊರಬರುತ್ತಿದ್ದವು, ನೋಯೆಮಿಯ ಮಂಚ ಅವನ ಪಾಲಾಗುತ್ತಿತ್ತು, ನೋಯೆಮಿ ಅಡುಗೆಮನೆಯ ಹಳೇ ಸೋಫಾದ ಮೇಲೆ ಮಲಗುತ್ತಿದ್ದಳು. ಅದರ ಬಗ್ಗೆ ಅವಳು ತಕರಾರು ಮಾಡಿದವಳಲ್ಲ. ಮಾವನ ಮಗ ಬರುತ್ತಾನೆಂದರೆ ಐಸ್‌ಕ್ರೀಮೂ ಬರುತ್ತದೆ ಎಂಬುದಷ್ಟೇ ಅವಳ ಲೆಕ್ಕ.

ಆ ವರ್ಷ ಡೆನಿಸನ ತಾಯಿ ಫೋನಿನಲ್ಲಿ ಒಂದು ಮಾತು ಅಂದಿದ್ದಳು: "ನಿಮ್ಮೂರಲ್ಲಿ ಅವನಿಗೆ ಬೇಜಾರಾಗುತ್ತೆ ಅತ್ತೆ. ನಮ್ಮಮ್ಮ ಆದ್ರೆ ಎಲ್ಲೆಲ್ಲಿಗೋ ಕರ್ಕೊಂಡು ಹೋಗ್ತಾರೆ." ನೀವೆಸ್ ಮರುದಿನ ಮಗನಿಗೆ ತಾನೇ ಫೋನ್ ಮಾಡಿ, "ಪಾರ್ಕಿನಲ್ಲಿ ಕಡಲುಗಳ್ಳರ ಆಟ ಆಗುತ್ತಲ್ಲ, ಅದ್ರಲ್ಲಿ ನನ್ನ ಮೊಮ್ಮಗನೇ ಪುಟ್ಟ ಕಪ್ತಾನ. ಫೋಟೋ ಕಳಿಸ್ತೀನಿ, ನಿನ್ನ ಹೆಂಡ್ತಿಗೆ ತೋರ್ಸು" ಎಂದಳು.

ಪಾರ್ಕು ರವೆನ್ನಾದ ಆಚೆ, ಪೈನ್ ಮರಗಳ ಹಿಂದೆ ಇತ್ತು. ಅಲ್ಲಿ ಕೊಳದ ನಡುವೆ ನಿಲ್ಲಿಸಿದ ಹಡಗಿನ ಮೇಲೆ ದಿನಕ್ಕೆರಡು ಬಾರಿ ಆಟ ನಡೆಯುತ್ತಿತ್ತು. ಕಪ್ತಾನ ಬುರಾಸ್ಕ ಎಂಬ ವೇಷದವನು ಜನರ ನಡುವೆ ಇಳಿದು ಬಂದು ಒಂದು ಮಗುವನ್ನು ಆರಿಸುತ್ತಿದ್ದ. ಆ ಮಗು ಹಡಗೇರಿ ಚುಕ್ಕಾಣಿ ತಿರುಗಿಸಿ, ಫಿರಂಗಿಗೆ ಬೆಂಕಿ ಇಟ್ಟು, ಶತ್ರುವಿನ ದೋಣಿ ಮುಳುಗಿಸಬೇಕು. ಕೊನೆಗೆ ಕೆಂಪು ರುಮಾಲು ಕಟ್ಟಿ ಫೋಟೋ ತೆಗೆಯುತ್ತಿದ್ದರು. ಎಷ್ಟೋ ಮಕ್ಕಳು ಪ್ರತಿ ಬೇಸಿಗೆಯಲ್ಲೂ ಹೋಗಿ, ಕೈ ಎತ್ತಿ ಎತ್ತಿ, ಆಯ್ಕೆಯಾಗದೆ ಬೆಳೆದು ದೊಡ್ಡವರಾಗಿದ್ದರು.

ಪಕ್ಕದ ಮನೆಯ ಓರಿಯೆಲ್ಲಾಳ ಮಗಳು ಆ ಪಾರ್ಕಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದಳು. ನೀವೆಸ್ ಅವಳನ್ನು ಹಿಡಿದು ಕೂರಿಸಿ ಎಲ್ಲ ಕೇಳಿಕೊಂಡಳು.

"ಮೆಟ್ಟಿಲ ಪಕ್ಕದ ಜಾಗ ಹಿಡೀರಿ, ಅವನು ಅಲ್ಲೇ ಹತ್ತಿ ಬರೋದು" ಎಂದಳು ಆ ಹುಡುಗಿ. "ಬಣ್ಣದ ಬಟ್ಟೆ ಹಾಕ್ಸಿ. ಆದ್ರೆ ಮುಖ್ಯ ಅಂದ್ರೆ ಗಂಟಲು. ಯಾವ ಮಗು ಜೋರಾಗಿ ಕೂಗುತ್ತೋ ಅದನ್ನ ಅವನು ಬಿಡಲ್ಲ."

ಹಿತ್ತಲಲ್ಲಿ ತಾಲೀಮು ಶುರುವಾಯಿತು. ಹೊಸ ಕೆಂಪಂಗಿ ತೊಟ್ಟ ಡೆನಿಸ್ ಬಟ್ಟೆ ಒಣಹಾಕುವ ತಂತಿಯ ಕೆಳಗೆ ನಿಂತು "ಕಪ್ತಾನಾ, ನಾನು" ಎಂದ. ಎಲ್ಲಿ ಯಾರಾದರೂ ಕೇಳಿಸಿಕೊಂಡುಬಿಟ್ಟಾರೋ ಎಂಬ ಭಯ ಅವನ ದನಿಯಲ್ಲಿತ್ತು.

"ಜೋರಾಗಿ, ಪುಟ್ಟಾ."

"ನಂಗೆ ಬರಲ್ಲ ಅಜ್ಜಿ."

"ನಂಗೆ ಬರುತ್ತೆ" ಎಂದು ನೋಯೆಮಿ ತಂತಿಗೆ ಹಾಕಿದ್ದ ಹೊದಿಕೆಯ ಹಿಂದಿನಿಂದ ಕೂಗಿದಳು. "ಕಪ್ತಾನಾ, ನಾನು, ನಾನು, ನಾನು!" ಓರಿಯೆಲ್ಲಾಳ ನಾಯಿ ಬೇಲಿಯವರೆಗೆ ಓಡಿಬಂದು ಬೊಗಳಿತು.

ನೀವೆಸ್ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಕರೆದು, ಎಂದೂ ಇಲ್ಲದ ಹಾಗೆ ಅವಳ ಭುಜದ ಮೇಲೆ ಕೈಯಿಟ್ಟು, "ನೀನು ಇವನ ಬೆನ್ನಿಗೇ ಕೂತ್ಕೋಬೇಕು. ತಲೆ ತಗ್ಗಿಸಿ ಕೂಗ್ಬೇಕು. ಅವನು ತಿರುಗಿ ನೋಡಿದಾಗ ಡೆನಿಸ್ ಕಾಣ್ಬೇಕು, ನೀನಲ್ಲ. ಗೊತ್ತಾಯ್ತಾ?" ಎಂದಳು.

"ಹಂಗಾದ್ರೆ ನನ್ನ ಯಾವಾಗ ಆರಿಸ್ತಾನೆ?"

"ನೀನು ಇಲ್ಲೇ ಇರೋಳು ಕಣೇ. ನಿಂಗೆ ಯಾವಾಗ ಬೇಕಾದ್ರೂ ಆಗುತ್ತೆ."

ನೋಯೆಮಿ ಆ ಪಾರ್ಕಿಗೆ ಅದುವರೆಗೆ ಒಮ್ಮೆಯೂ ಹೋಗಿರಲಿಲ್ಲ. ಆದರೂ ಅಜ್ಜಿಯ ಕೈ ಇನ್ನೂ ಭುಜದ ಮೇಲಿತ್ತು, ಅವಳು ಒಪ್ಪಿಕೊಂಡಳು.

ಪಾರ್ಕಿಗೆ ಹೋದ ದಿನ ಅವರು ಎಲ್ಲರಿಗಿಂತ ಮೊದಲೇ ಬಂದು ಮೆಟ್ಟಿಲ ಪಕ್ಕದ ಜಾಗ ಹಿಡಿದರು. ಆಟ ಶುರುವಾಗಿ, ಕಪ್ತಾನ ಬುರಾಸ್ಕ ಕಿವಿಗೆ ಕೈ ಹಚ್ಚಿಕೊಂಡು, "ನನಗೊಬ್ಬ ಪುಟ್ಟ ಕಪ್ತಾನ ಬೇಕಲ್ಲ, ಈ ಊರಲ್ಲಿ ಯಾರಿಗೂ ದನಿಯೇ ಇಲ್ವಾ?" ಎಂದು ಕೇಳಿದಾಗ ನೋಯೆಮಿ ಹೇಳಿಕೊಟ್ಟಂತೆ ತಲೆ ತಗ್ಗಿಸಿಯೇ ಕೂಗಿದಳು. ಎರಡನೇ ಸಲ ಕೂಗುವಾಗ ತಲೆ ತಾನಾಗಿ ಮೇಲೆದ್ದಿತು. ಮೂರನೇ ಸಲಕ್ಕೆ ಅವಳು ಬೆಂಚಿನ ಮೇಲೆ ನಿಂತಿದ್ದಳು. ಅವಳಿಗೇ ಅದು ಗೊತ್ತಿರಲಿಲ್ಲ. ಕಪ್ತಾನ ನಗುತ್ತ ಮೆಟ್ಟಿಲು ಹತ್ತಿಬಂದು, ಡೆನಿಸನ ತಲೆಯ ಮೇಲಿಂದ ಕೈ ಚಾಚಿ, "ಈ ಗಂಟಲು ನನಗೆ ಬೇಕು" ಎಂದ.

ನೋಯೆಮಿ ಅವನ ಕೈ ಹಿಡಿದೇಬಿಟ್ಟಿದ್ದಳು. ನೀವೆಸ್ ಎದ್ದು ಅವಳ ಇನ್ನೊಂದು ತೋಳನ್ನು ಹಿಡಿದುಕೊಂಡಳು.

"ಬೇಡಪ್ಪಾ, ಅವಳನ್ನ ಕರೀಬೇಡಿ. ಅವಳಿಗೆ ಫಿಟ್ಸ್ ಬರುತ್ತೆ. ಇವನನ್ನ ಕರ್ಕೊಳ್ಳಿ."

ಕಪ್ತಾನನ ಕೆನ್ನೆಗೆ ಮೈಕು ಅಂಟಿತ್ತು. ಆ ಮಾತು ಕೊಳದ ಸುತ್ತ ಇದ್ದ ಧ್ವನಿವರ್ಧಕಗಳಲ್ಲೆಲ್ಲ ಕೇಳಿಸಿತು. ಕೂಗುತ್ತಿದ್ದ ಮಕ್ಕಳನ್ನು ತಾಯಂದಿರು ಸುಮ್ಮನಿರಿಸಿದರು. ವೇಷದವನು ಒಳ್ಳೆಯ ಮನುಷ್ಯ. ಅವನು ಮಂಡಿಯೂರಿ ನೋಯೆಮಿಗೆ ನಮಸ್ಕರಿಸಿ, "ಈ ಧೀರ ಹುಡುಗಿಗೆ ಒಂದು ಚಪ್ಪಾಳೆ" ಎಂದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು.

"ನಂಗೇನೂ ಆಗಲ್ಲ" ಎಂದಳು ನೋಯೆಮಿ. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅಷ್ಟರಲ್ಲಿ ನೀವೆಸ್ ಡೆನಿಸನನ್ನು ಎಬ್ಬಿಸಿ, ಬೆನ್ನಿಗೆ ಕೈಕೊಟ್ಟು ಮೆಟ್ಟಿಲ ಮೇಲೆ ದೂಡಿ ಆಗಿತ್ತು.

ಹಡಗಿನ ಮೇಲೆ ಡೆನಿಸ್ ಏನನ್ನೂ ಮಾಡಲಿಲ್ಲ. ಚುಕ್ಕಾಣಿಯನ್ನು ಕಪ್ತಾನನೇ ಅವನ ಕೈಹಿಡಿದು ತಿರುಗಿಸಿದ. ಫಿರಂಗಿಯ ಸದ್ದಾದಾಗ ಹುಡುಗ ಎರಡೂ ಕಿವಿ ಮುಚ್ಚಿಕೊಂಡ, ಅವನ ಬೂದು ಬಣ್ಣದ ಚಡ್ಡಿಯ ಮುಂಭಾಗ ಮೆಲ್ಲನೆ ಕಪ್ಪಾಯಿತು. ಕಪ್ತಾನ ನೋಡಿದ, ಜನರೂ ನೋಡಿದರು. ಏನಾದರೂ ಹೇಳಲೇಬೇಕಾಗಿ ಅವನು, "ಅಯ್ಯೋ, ನಮ್ಮ ಹಡಗು ಸೋರ್ತಾ ಇದೆಯಲ್ಲ" ಎಂದುಬಿಟ್ಟ. ಕೊಳದ ಸುತ್ತ ನಗೆಯೆದ್ದಿತು. ನೋಯೆಮಿಯೂ ನಕ್ಕಳು. ನೀವೆಸ್ ತಿರುಗಿ ನೋಡದೆ ಅವಳ ತೊಡೆಯನ್ನು ಚಿವುಟಿ, ಚಿವುಟಿದಲ್ಲೇ ತಿರುಚಿದಳು.

ಆಟ ಮುಗಿದ ಮೇಲೆ ಪಾರ್ಕಿನ ಸಮವಸ್ತ್ರದ ಹುಡುಗಿಯೊಬ್ಬಳು ಹಳದಿ ಪಟ್ಟಿಯೊಂದನ್ನು ಹಿಡಿದು ಅವರ ಬಳಿ ಬಂದಳು.

"ಸಿನ್ಯೋರಾ, ಇದನ್ನ ಮಗು ಕೈಗೆ ಕಟ್ತೀನಿ. ತಿರುಗೋ ಆಟ, ಎತ್ತರದ್ದು, ಮಿಣಮಿಣ ಲೈಟಿಂದು, ನೀರಿಂದು, ಯಾವುದಕ್ಕೂ ಹತ್ತಿಸಲ್ಲ. ಅವಳ ಒಳ್ಳೇದಕ್ಕೇ."

"ನಂಗೆ ಫಿಟ್ಸ್ ಇಲ್ಲ" ಎಂದಳು ನೋಯೆಮಿ. "ಅಜ್ಜಿ, ಹೇಳು ಇವ್ರಿಗೆ."

ಹುಡುಗಿ ನೀವೆಸಳ ಮುಖ ನೋಡಿದಳು. ಹಿಂದಿನ ಸಾಲಿನ ಹೆಂಗಸು ಇನ್ನೂ ಅಲ್ಲೇ ನಿಂತಿದ್ದಳು.

"ಪಾಪ, ಯಾವಾಗ್ಲೂ ಹೀಗೇ ಅಂತಾಳೆ" ಎಂದಳು ನೀವೆಸ್. "ಬಂದು ಹೋಗಿದ್ದು ಅವಳಿಗೆ ನೆನಪಿರಲ್ಲ."

ಪಟ್ಟಿ ಕಟ್ಟಿದರು. ಅದು ಬಿಚ್ಚಲು ಬಾರದ ಹಾಗೆ ಅಂಟಿಕೊಳ್ಳುವಂಥದು.

ಅಂದು ಮಧ್ಯಾಹ್ನದವರೆಗೆ ನೋಯೆಮಿ ಆಟಗಳ ಬೇಲಿಯಾಚೆ ಬೆಂಚುಗಳ ಮೇಲೆ ಕೂತಳು. ಒಂದು ಆಟ ಮುಗಿದರೆ ಅಜ್ಜಿ ಡೆನಿಸನನ್ನು ಮುಂದಿನದಕ್ಕೆ ಕರೆದೊಯ್ಯುತ್ತಿದ್ದಳು, ನೋಯೆಮಿ ಚೀಲ ಹೊತ್ತು ಹಿಂದೆ ನಡೆದು ಇನ್ನೊಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಚೀಲದಲ್ಲಿ ಡೆನಿಸನ ಒದ್ದೆ ಚಡ್ಡಿ ಇತ್ತು. ಅವಳ ಕೈಯ ಪಟ್ಟಿ ಕಂಡ ಜನ ದನಿ ತಗ್ಗಿಸಿ ಮಾತಾಡುತ್ತಿದ್ದರು. ಯಾರೋ ಮುದುಕಿ ತಲೆ ಸವರಿ ಚಾಕಲೇಟು ಕೊಟ್ಟಳು.

ಡೆನಿಸ್ ಒಣ ಚಡ್ಡಿ ಹಾಕಿಕೊಂಡ ಮೇಲೆ ಧೈರ್ಯ ತಂದುಕೊಂಡಿದ್ದ. ತಿರುಗುವ ತೊಟ್ಟಿಲು ನೋಯೆಮಿಯ ಮುಂದೆ ಹಾದುಹೋಗುವಾಗಲೆಲ್ಲ ಅವನು ಕಣ್ಣು ಮೇಲಕ್ಕೆ ಸಿಕ್ಕಿಸಿ, ನಾಲಗೆ ಹೊರಹಾಕಿ, ಕೈಕಾಲು ಅದುರಿಸಿ ತೋರಿಸುತ್ತಿದ್ದ. ಬೆಳಗಿನಿಂದ ಅವನು ನಕ್ಕಿದ್ದು ಅದೇ ಮೊದಲು. ನೋಯೆಮಿಯ ಪಕ್ಕ ಕೂತಿದ್ದ ಅಜ್ಜಿ ಅದನ್ನು ನೋಡಿ, "ಸದ್ಯ, ನಗ್ತಾ ಇದಾನೆ" ಎಂದಳು.

ನೋಯೆಮಿ ಅವನನ್ನು ಕಣ್ಣು ಮಿಟುಕಿಸದೆ ನೋಡಿದಳು. ಫಿಟ್ಸ್ ಎಂದರೆ ಏನಾಗುತ್ತದೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಆಟಕ್ಕೆ ನೀವೆಸ್ ಮತ್ತೆ ಹಡಗಿನ ಬಳಿ ಹೋದಳು. ಬೆಳಗಿನ ಫೋಟೋದಲ್ಲಿ ಒದ್ದೆ ಕಾಣುತ್ತಿತ್ತು, ಅದನ್ನು ಮಿಲಾನಿಗೆ ಕಳಿಸುವಂತಿರಲಿಲ್ಲ. ತೆರೆಯ ಹಿಂದೆ ಸಿಗರೇಟು ಸೇದುತ್ತಿದ್ದ ವೇಷದವನನ್ನು ಹುಡುಕಿ, "ನಿಮ್ಮ ಆ ಮಾತಿಂದ ಮಗು ಊಟ ಮಾಡಿಲ್ಲ" ಎಂದಳು. ಅವನಿಗೆ ನಾಚಿಕೆಯಾಯಿತು. ಇನ್ನೊಮ್ಮೆ ಕರೆಯುತ್ತೇನೆಂದ, ಕರೆದ ಕೂಡ. ಡೆನಿಸ್ ಈ ಸಲ ತಾನಾಗಿಯೇ ಎದ್ದು ನಡೆದ. ಚುಕ್ಕಾಣಿ ತಿರುಗಿಸಿದ. ಫಿರಂಗಿಯ ಬತ್ತಿ ಹಿಡಿದು, ತುಟಿ ಕಚ್ಚಿ, ಕೈ ಮುಂದೆ ಮಾಡಿದ. ನೀವೆಸ್ ಫೋನು ಎತ್ತಿ ಹಿಡಿದಿದ್ದಳು.

ಆಗ ನೋಯೆಮಿ ಮೆಟ್ಟಿಲ ಮೇಲೆ ಬಿದ್ದಳು.

ಕಣ್ಣು ಮೇಲಕ್ಕೆ ಸಿಕ್ಕಿಸಿದಳು, ನಾಲಗೆ ಹೊರಹಾಕಿದಳು, ಕೈಕಾಲು ಅದುರಿಸಿದಳು. ಹಿಮ್ಮಡಿ ಕಲ್ಲಿಗೆ ಬಡಿದು ರಕ್ತ ಬಂತು, ಆದರೂ ನಿಲ್ಲಿಸಲಿಲ್ಲ. ಹೆಂಗಸರು ಕಿರುಚಿದರು. ಸಂಗೀತ ನಿಂತಿತು. ಕಪ್ತಾನ ಡೆನಿಸನನ್ನು ಅಲ್ಲೇ ಬಿಟ್ಟು ಓಡಿಬಂದ. ಹಡಗಿನ ಮೇಲೆ ಹುಡುಗನೊಬ್ಬನೇ ಬತ್ತಿ ಹಿಡಿದು ನಿಂತಿದ್ದ, ಅವನನ್ನು ಯಾರೂ ನೋಡುತ್ತಿರಲಿಲ್ಲ.

"ಏಳೇ, ಸಾಕು" ಎಂದು ನೀವೆಸ್ ಅವಳ ಕಿವಿಯಲ್ಲಿ ಪಿಸುಗುಟ್ಟಿದಳು. "ಮನೆಗೆ ಬಾ, ಇದೆ ನಿಂಗೆ."

ಪಾರ್ಕಿನ ನರ್ಸು ನೀವೆಸಳನ್ನು ಪಕ್ಕಕ್ಕೆ ಸರಿಸಿ ಕೂತಳು. "ಎಷ್ಟು ವರ್ಷದಿಂದ ಇದೆ ಇವಳಿಗೆ?"

"ಅದು... ಚಿಕ್ಕವಳಿದ್ದಾಗಿಂದ."

"ಯಾವ ಮಾತ್ರೆ ಕೊಡ್ತೀರಿ?"

"ಬಿಳೀದು."

"ಹೆಸರು ಹೇಳಿ ಅಮ್ಮಾ. ಬೆಳಿಗ್ಗೆ ಕೊಟ್ರಾ, ಇಲ್ವಾ?"

ಸುತ್ತ ನೆರೆದ ಜನ ನೀವೆಸಳ ಬಾಯಿಯನ್ನೇ ನೋಡುತ್ತಿದ್ದರು. "ಮರ್ತುಬಿಟ್ಟೆ" ಎಂದಳು ಅವಳು. "ಮಾತ್ರೆ ಕೊಡೋಕೆ ಮರೆತ್ರಂತೆ" ಎಂದು ಯಾರೋ ಹಿಂದಿನವರಿಗೆ ದಾಟಿಸಿದರು. ನೋಯೆಮಿ ಕಣ್ಣು ಮುಚ್ಚಿ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಳು. ಅಷ್ಟು ಹಿತವಾದದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಆಂಬುಲೆನ್ಸು ಅವಳನ್ನು ರವೆನ್ನಾದ ಆಸ್ಪತ್ರೆಗೆ ಒಯ್ದಿತು. ಮಾರ್ಜಿಯಾ ತಾನು ಕೆಲಸಕ್ಕಿದ್ದ ಚೆರ್ವಿಯಾದ ಹೋಟೆಲಿನ ಅಡುಗೆಮನೆಯಿಂದ ಏಪ್ರನ್ನಿನಲ್ಲೇ, ಹೋಟೆಲಿನ ವ್ಯಾನು ಕೇಳಿಕೊಂಡು ಬಂದಳು. ಅವಳು ಒಳಗೆ ಬರುವ ಹೊತ್ತಿಗೆ ಪರೀಕ್ಷೆ ಮುಗಿದಿತ್ತು. ಹಿಮ್ಮಡಿಯ ಗಾಯ ಬಿಟ್ಟರೆ ಮಗುವಿಗೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿ, "ಫಿಟ್ಸ್ ಇದೆ ಅಂತ ನಿಮ್ಮ ತಾಯಿ ಹೇಳಿದ್ರಂತೆ?" ಎಂದು ಕೇಳಿದಳು.

"ನಾನೆಲ್ಲಿ ಹೇಳ್ದೆ?" ಎಂದಳು ನೀವೆಸ್. "ಇವಳೇ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಿದ್ಲು. ಡೆನಿಸನ್ನ ಆರಿಸಿದ್ರು ಅಂತ ಹೊಟ್ಟೆಕಿಚ್ಚು. ನರ್ಸು ಕೇಳಿದ್ದಕ್ಕೆ ಗಾಬರಿಯಲ್ಲಿ ಏನೋ ಅಂದೆ."

"ಸುಳ್ಳು" ಎಂದಳು ನೋಯೆಮಿ. "ಡೆನಿಸನ್ನ ಕೇಳಿ."

ಮಾರ್ಜಿಯಾ ಅಣ್ಣನ ಮಗನ ಕಡೆ ತಿರುಗಿದಳು. ಡೆನಿಸ್ ನೆಲ ನೋಡುತ್ತಿದ್ದ. ಅಜ್ಜಿ ಅವನ ಕೂದಲಲ್ಲಿ ಬೆರಳಾಡಿಸುತ್ತಿದ್ದಳು.

"ಅಜ್ಜಿ ಹೇಳ್ಲಿಲ್ಲ" ಎಂದ ಅವನು.

ಡಾಕ್ಟರು ನೋಯೆಮಿಯತ್ತ ಬಾಗಿದಳು. "ನಿಜವಾಗ್ಲೂ ಹುಷಾರಿಲ್ಲದ ಮಕ್ಕಳಿಗೆ ಈ ಹಾಸಿಗೆ ಬೇಕಾಗುತ್ತಮ್ಮ. ಇನ್ನೊಂದ್ಸಲ ಹೀಗೆ ಮಾಡ್ಬಾರ್ದು." ಕೋಪವಿಲ್ಲದೆ ಹೇಳಿ ಹೊರಟುಹೋದಳು.

ಅಜ್ಜಿ ಮೊಮ್ಮಗ ಮೊದಲೇ ಬಸ್ಸಿನಲ್ಲಿ ಹೊರಟುಹೋದರು. ಮಾರ್ಜಿಯಾ ಮಗಳನ್ನು ವ್ಯಾನಿನಲ್ಲಿ ಕೂರಿಸಿಕೊಂಡಳು. ಊರು ದಾಟಿ ಪೀಚ್ ತೋಟಗಳ ರಸ್ತೆಗೆ ಬಂದ ಮೇಲೆ ಗಾಡಿ ನಿಲ್ಲಿಸಿ, ನೋಯೆಮಿಯ ಕೈಯೆತ್ತಿ ಹಳದಿ ಪಟ್ಟಿ ನೋಡಿದಳು.

"ಇದನ್ನ ಯಾವಾಗ ಕಟ್ಟಿದ್ರು?"

"ಬೆಳಿಗ್ಗೆ. ನಾನು ಬೀಳೋಕ್ಕಿಂತ ಮುಂಚೆ. ಅಜ್ಜಿ ಹೇಳಿದ್ದಕ್ಕೇ ಕಟ್ಟಿದ್ದು. ನನ್ನನ್ನೇ ಆರಿಸಿದ್ರು ಅಮ್ಮ. ನನ್ನನ್ನೇ."

ಮಾರ್ಜಿಯಾ ಹಲ್ಲಿನಿಂದ ಪಟ್ಟಿ ಕಚ್ಚಿ ಹರಿದಳು. ಚಿಕ್ಕಂದಿನಲ್ಲಿ ಇವಾನೋ ಒಡೆದ ಲೋಟಕ್ಕೆ, ಇವಾನೋ ಕಳೆದ ಬೀಗದಕೈಗೆ ತಾನು ತಪ್ಪೊಪ್ಪಿಕೊಂಡು, ಶಿಕ್ಷೆಗೆ ಬಾಗಿಲ ಹಿಂದೆ ನಿಂತವಳು ಅವಳು. ಹೆಚ್ಚೇನೂ ಕೇಳುವ ಅಗತ್ಯ ಅವಳಿಗಿರಲಿಲ್ಲ.

"ನಂಬ್ತೀನಿ" ಎಂದಳು. "ನೀನು ಹೇಳಿದ್ದೆಲ್ಲ ನಂಬ್ತೀನಿ. ಆದ್ರೂ ಮನೆಗೆ ಹೋದ ತಕ್ಷಣ ಅಜ್ಜಿ ಹತ್ರ ಕ್ಷಮೆ ಕೇಳು."

"ಯಾಕೆ?"

"ಸೀಸನ್ ಮುಗಿಯೋವರೆಗೂ ನಾನು ಬೆಳಗಾಗೋ ಮುಂಚೆ ಕೆಲಸಕ್ಕೆ ಹೋಗ್ಬೇಕು. ನಿನ್ನ ಯಾರ ಹತ್ರ ಬಿಡ್ಲಿ? ಅವಳು ಇಟ್ಕೊಳ್ಳಲ್ಲ ಅಂದ್ರೆ ಎಲ್ಲಿ ಬಿಡ್ಲಿ, ನೀನೇ ಹೇಳು."

ಅಮ್ಮ ಗಾಡಿ ಮತ್ತೆ ಶುರುಮಾಡಿದಳು.

ಮನೆಯಲ್ಲಿ ನೀವೆಸ್ ಹಂಚಿನ ಮೇಲೆ ರೊಟ್ಟಿ ತಿರುವಿಹಾಕುತ್ತಿದ್ದಳು. ಡೆನಿಸ್ ಮೇಜಿಗೆ ಕೂತು ರೊಟ್ಟಿಯೊಳಗೆ ಚೀಸ್ ಹಚ್ಚಿಕೊಂಡು ತಿನ್ನುತ್ತಿದ್ದ. ನೋಯೆಮಿ ಕುಂಟುತ್ತ ಒಳಗೆ ಬಂದು ಒಲೆಯ ಪಕ್ಕ ನಿಂತು, "ತಪ್ಪಾಯ್ತು ಅಜ್ಜಿ" ಎಂದಳು.

"ಏನು ತಪ್ಪಾಯ್ತು?"

ನೋಯೆಮಿ ತಾಯಿಯನ್ನು ನೋಡಿದಳು. ಮಾರ್ಜಿಯಾ ನಲ್ಲಿ ಬಿಟ್ಟು ಕೈ ತೊಳೆಯುತ್ತಿದ್ದಳು.

"ಸುಳ್ಳು ಹೇಳಿದ್ದು."

"ಹೂಂ. ಕೂತ್ಕೋ, ತಣ್ಣಗಾಗುತ್ತೆ."

ಊಟದ ನಡುವೆ ಇವಾನೋನ ಫೋನು ಬಂತು. ನೀವೆಸ್ ಎದ್ದು ನಿಂತೇ ಮಾತಾಡಿದಳು. ಡೆನಿಸನನ್ನು ಆರಿಸಿದರು, ಒಂದಲ್ಲ ಎರಡು ಸಲ, ಊರಿಗೆ ಊರೇ ನೋಡಿತು ಎಂದಳು. ಫೋಟೋ ಎಲ್ಲಿ ಎಂದು ಅವನು ಕೇಳಿರಬೇಕು, "ಅವರ ಮಷೀನು ಕೆಟ್ಟಿತ್ತಂತೆ" ಎಂದಳು. ಅತ್ತ ಮಗ "ಹೌದಾ" ಎಂದಷ್ಟೇ ಅಂದ. ಅವನು ನಂಬಿಲ್ಲವೆಂದು ಅವಳಿಗೆ ತಿಳಿಯಿತು. ಫೋನನ್ನು ಎದೆಗೆ ಒತ್ತಿ ಹಿಡಿದು, ಮೇಜಿನ ಸುತ್ತ ನೋಡಿ, ನೋಯೆಮಿಯ ಮುಂದೆ ಚಾಚಿದಳು.

"ಮಾವನಿಗೆ ಹೇಳೇ, ಇವನು ಹೇಗೆ ಮಾಡಿದ ಅಂತ."

ಡೆನಿಸನ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾರ್ಜಿಯಾ ಮಗಳನ್ನು ನೋಡಿ ಸಣ್ಣಗೆ ತಲೆಯಾಡಿಸಿದಳು. ಏನು ಹೇಳೆಂದು ತಲೆಯಾಡಿಸಿದಳೋ ಅವಳಿಗೇ ಗೊತ್ತಿತ್ತೋ ಇಲ್ಲವೋ.

"ತುಂಬ ಚೆನ್ನಾಗಿ ಮಾಡಿದ ಮಾವ" ಎಂದಳು ನೋಯೆಮಿ. "ಒಂದು ಚೂರೂ ಹೆದರಲಿಲ್ಲ. ಫಿರಂಗಿ ಹೊಡೆದ ತಕ್ಷಣ ದೋಣಿ ಮುಳುಗೇಹೋಯ್ತು. ಕಪ್ತಾನ ಅವನನ್ನ ಹೆಗಲ ಮೇಲೆ ಕೂರಿಸ್ಕೊಂಡು ಒಂದು ಸುತ್ತು ಹಾಕ್ದ. ಜನ ಎಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು, ಒಬ್ಬ ಆಂಟಿ ಅಂತೂ ಅತ್ತೇಬಿಟ್ರು."

ಅತ್ತ ಇವಾನೋ ನಕ್ಕಿದ್ದು ಮೇಜಿಗೆಲ್ಲ ಕೇಳಿಸಿತು. ನೀವೆಸ್ ಫೋನು ತೆಗೆದುಕೊಂಡು, ದಾಟಿಹೋಗುವಾಗ ನೋಯೆಮಿಯ ಕೆನ್ನೆಯನ್ನು ಮೆಲ್ಲನೆ ತಟ್ಟಿದಳು. ಹಂಚಿನಿಂದ ಆಗಷ್ಟೇ ಇಳಿಸಿದ ಬಿಸಿ ರೊಟ್ಟಿಯನ್ನು ಮೊದಲು ಅವಳ ತಟ್ಟೆಗೇ ಹಾಕಿದಳು. ನೋಯೆಮಿ ಅದನ್ನು ಎರಡಾಗಿ ಮುರಿದು, ಡೆನಿಸನನ್ನೇ ನೋಡುತ್ತ ತಿಂದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.