ಆಡದ ವರ್ಷ

"ಬರ್ತೀನಿ, ಬದ್ರಿ," ಎಂದು ಲೂಯಿಸ್ ಬ್ರಾಡಿ ಕೈ ಚಾಚಿದಾಗ ಬದರಿನಾಥ ಕುರ್ಚಿಯಿಂದ ಎದ್ದ. ಎದ್ದು ನಿಂತರೂ ಅವನ ತಲೆ ಲೂಯಿಸ್‌ನ ಎದೆಯವರೆಗೆ ಮಾತ್ರ ಬರುತ್ತಿತ್ತು. ಲೂಯಿಸ್‌ನ ಹೆಗಲಲ್ಲಿ ಎರಡು ಚೀಲ, ಕಂಕುಳಲ್ಲಿ ಒಂದು ಶೂ ಪೆಟ್ಟಿಗೆ. ಸಿಡ್ನಿಯ ಕ್ಲಬ್ಬಿನಲ್ಲಿ ಮೂರು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದವನ ಲಾಕರಿನ ಸಾಮಾನು ಅಷ್ಟೇ. ಅವನನ್ನು ಮೆಲ್ಬರ್ನಿನ ಕ್ಲಬ್ಬಿಗೆ ಕೊಟ್ಟು ಅಲ್ಲಿಂದ ಬೇರೊಬ್ಬನನ್ನು ತರಿಸಿಕೊಳ್ಳುವುದೆಂದು ಬೆಳಿಗ್ಗೆ ಹತ್ತಕ್ಕೆ ಸಹಿಯಾಗಿತ್ತು. ಸಂಜೆ ಆರಕ್ಕೆ ಲಾಕರ್ ಖಾಲಿ. ಇದಕ್ಕೆ ಈ ಆಟದವರು ಟ್ರೇಡ್ ಎನ್ನುತ್ತಾರೆ. ಆಟಗಾರನನ್ನು ಯಾರೂ ಒಪ್ಪಿಗೆ ಕೇಳುವುದಿಲ್ಲ.

"ಮೆಲ್ಬರ್ನ್ ಒಳ್ಳೇ ಊರು," ಎಂದ ಬದರಿ, ಬೇರೇನೂ ತೋಚದೆ.

"ಹಾಗಂತಾರೆ." ಲೂಯಿಸ್ ಚೀಲಗಳನ್ನು ಹೆಗಲಿಗೆ ಸರಿಮಾಡಿಕೊಂಡು ಹೊರಟುಹೋದ.

ಅದು ಎರಡು ಸಾವಿರದ ನಾಲ್ಕನೆಯ ಇಸವಿಯ ಆಗಸ್ಟ್. ಬದರಿ ಹಗಲಲ್ಲಿ ಒಂದು ಇನ್ಶೂರೆನ್ಸ್ ಕಂಪನಿಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ. ಸಂಜೆ, ಶನಿವಾರ, ಭಾನುವಾರ ಕ್ಲಬ್ಬಿನ ಅಂಕಿಅಂಶದ ಕೆಲಸ. ಮಂಡ್ಯದ ಕಾಲೇಜಿನಲ್ಲಿ ತಾನೂ ಆಡಿದ್ದೆನೆಂಬ ಹೆಮ್ಮೆ ಅವನಿಗೆ ಈ ನಲವತ್ತರಲ್ಲೂ ಇಳಿದಿರಲಿಲ್ಲ. ಜುಲೈನಲ್ಲಿ ಮ್ಯಾನೇಜರ್ ಕೆನ್ ಅವನನ್ನು ಕರೆದು, ಲೂಯಿಸ್ ಮತ್ತು ಇನ್ನೊಬ್ಬನಲ್ಲಿ ಯಾರನ್ನು ಕಳಿಸುವುದೆಂದು ತೀರ್ಮಾನವಾಗುತ್ತಿಲ್ಲ, ಇಬ್ಬರೂ ಅಮೆರಿಕದಲ್ಲಿ ಓದಿ ಆಡಿ ಬಂದವರು, ಅವರ ಕಾಲೇಜಿನ ದಿನಗಳನ್ನು ತೂಗಿ ನೋಡಿ ಒಂದು ವರದಿ ಕೊಡು ಎಂದ. ಅಂಥ ಮಾತನ್ನು ಬದರಿಗೆ ಆ ದೇಶದಲ್ಲಿ ಯಾರೂ ಅದುವರೆಗೆ ಹೇಳಿರಲಿಲ್ಲ. ಮೂರು ವಾರ ಊಟ ತಿಂಡಿಯ ಪರಿವೆಯಿಲ್ಲದೆ ಕೂತ.

ಲೂಯಿಸ್‌ನ ಆಟ ಇನ್ನೊಬ್ಬನ ಸರಿಸಮಕ್ಕೇ ಇತ್ತು. ಆದರೆ ನಾಲ್ಕು ವರ್ಷದ ಕಾಲೇಜಿಗೆ ಅವನು ಐದು ವರ್ಷ ತೆಗೆದುಕೊಂಡಿದ್ದ. ಎರಡನೆಯ ವರ್ಷದ ಸಾಲಿನಲ್ಲಿ ಒಂದೂ ಮ್ಯಾಚ್ ಇಲ್ಲ. ಪೆಟ್ಟಾಯಿತೆಂದೂ ಬರೆದಿರಲಿಲ್ಲ. ಬದರಿಗೆ ಆ ಖಾಲಿ ಜಾಗ ಚೆನ್ನಾಗಿ ಗುರುತಿತ್ತು. ಮಂಡ್ಯದಲ್ಲಿ ಎರಡನೆಯ ವರ್ಷ ಎರಡು ಸಬ್ಜೆಕ್ಟು ಕೈಕೊಟ್ಟು ಅವನಿಗೇ ಇಯರ್ ಬ್ಯಾಕ್ ಆಗಿತ್ತು. ಆ ವರ್ಷವೆಲ್ಲ ಮನೆಗೆ ಬಂದ ನೆಂಟರು ಅವನನ್ನು ಕಂಡರೆ ಮಳೆ ಬೆಳೆ ಮಾತಾಡಿ ಕಾಫಿ ಕುಡಿದು ಹೋಗುತ್ತಿದ್ದರು. ವರ್ಷ ಹೋದವನನ್ನು ಯಾಕೆ ಹೋಯಿತೆಂದು ಕೇಳಬಾರದು, ಅದು ಮರ್ಯಾದೆ. ಆ ಮರ್ಯಾದೆಯನ್ನು ಬದರಿ ಲೂಯಿಸ್‌ಗೂ ಸಲ್ಲಿಸಿದ. ಹತ್ತು ಹೆಜ್ಜೆ ಆಚೆ ಬಾಲ್ ಪುಟಿಸುತ್ತಿದ್ದವನ ಹತ್ತಿರ ಹೋಗಿ ಒಂದು ಮಾತೂ ಕೇಳಲಿಲ್ಲ. ವರದಿಯಲ್ಲಿ ಮಾತ್ರ ಬರೆದ: "ಎರಡನೆಯ ವರ್ಷ ಕಳೆದುಕೊಂಡಿದ್ದಾನೆ. ಶಿಸ್ತು ಸಾಲದು."

ಟ್ರೇಡ್ ಆದ ಮೊದಲ ಭಾನುವಾರ ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಮನೆಯಲ್ಲಿ ಹೆಂಡತಿ ಸುಜಾತಾ ಹುರುಳಿಕಾಯಿ ಬಿಡಿಸುತ್ತಿದ್ದಳು. ಅವಳಿಗೆ ಅಲ್ಲಿನ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದ ರಿಸೆಪ್ಷನ್ನಿನಲ್ಲಿ ಕೆಲಸ.

"ರೀ, ನಿಮ್ ಕ್ಲಬ್ಬಲ್ಲಿ ಬ್ರಾಡಿ ಅಂತ ಒಬ್ಬ ಇದ್ನಲ್ಲ, ಅವರಮ್ಮ ನಮ್ ಯೂನಿಟ್‌ಗೇ ಬರೋದು. ನಿನ್ನೆ ಒಬ್ರೇ ಬಂದಿದ್ರು, ಕೌಂಟರ್ ಹತ್ರ ನಿಂತು ಅತ್ತೇ ಬಿಟ್ರು. ವಾರಕ್ಕೆ ಮೂರ್ ಸಲ ಮಗಾನೇ ಕರ್ಕೊಂಡ್ ಬರ್ತಿದ್ನಂತೆ. ಇವಾಗ ಮೆಲ್ಬರ್ನ್‌ಗೆ ಕಳ್ಸಿಬಿಟ್ರಂತಲ್ಲ."

"ಹೂಂ."

"ಮೊದ್ಲು ಕಿಡ್ನಿ ಕೈಕೊಟ್ಟಾಗ್ಲೂ ಅವನೇ ಅಂತೆ ನೋಡಿದ್ದು. ಅಮೆರಿಕಾದಿಂದ ಬಂದು ಒಂದ್ ವರ್ಷ ಪೂರ್ತಿ ಜೊತೇಲಿದ್ನಂತೆ. ಪಾಪ, ಕಾಲೇಜಿನೋರು ಅವನ ಜಾಗ ಹಾಗೇ ಇಟ್ಟಿದ್ರಂತೆ."

ಬದರಿಯ ಕೈಯಲ್ಲಿದ್ದ ಪೇಪರ್ ಮಡಿಲಿಗೆ ಇಳಿಯಿತು. "ಯಾವ ವರ್ಷ?"

"ಎರಡನೇ ವರ್ಷದಲ್ಲಿದ್ದಾಗ ಅಂದ್ರು. ಯಾಕ್ರೀ?"

ಅವನು ಎಲ್ಲ ಹೇಳಿದ. ಸುಜಾತಾ ಹುರುಳಿಕಾಯಿಯ ತಟ್ಟೆ ಪಕ್ಕಕ್ಕಿಟ್ಟು ಅವನ ಮುಖವನ್ನೇ ನೋಡಿದಳು.

"ಅವನೂ ನಿಮ್ ಹಾಗೇ ಫೇಲಾದ ಅಂದ್ಕೊಂಡ್ರಾ? ಒಂದ್ ಮಾತು ಕೇಳಬಾರ್ದಿತ್ತಾ?"

"ಹೆಂಗ್ ಕೇಳೋದು ಕಣೇ? ಇಯರ್ ಬ್ಯಾಕ್ ಆದೋನ್ನ ಯಾರಾದ್ರೂ ಕೇಳ್ತಾರಾ?"

"ಕೇಳಲ್ಲ. ಆದ್ರೆ ಬರ್ದೂ ಕೊಡಲ್ಲ," ಎಂದು ಅವಳು ಒಳಗೆ ಹೋದಳು.

ಸೋಮವಾರ ಅರ್ಧ ದಿನ ರಜೆ ಹಾಕಿ ಬದರಿ ಕೆನ್‌ನ ಮುಂದೆ ಕೂತ. ಕೆನ್ ಕೆಟ್ಟವನಲ್ಲ. ಪೂರ್ತಿ ಕೇಳಿಸಿಕೊಂಡು, ಕಾಗದಗಳಿಗೆ ಸಹಿ ಬಿದ್ದು ಹೊಸಬ ಬಂದೂ ಆಗಿದೆ, ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ ಎಂದ.

"ನನ್ನ ಆ ಒಂದು ಸಾಲಿನಿಂದಲೇ ಹೀಗಾಯ್ತಾ?" ಅಲ್ಲವೆಂದು ಹೇಳಿಯಾನೆಂಬ ಆಸೆಯಿಂದಲೇ ಬದರಿ ಅದನ್ನು ಕೇಳಿದ್ದು.

"ಇಬ್ಬರೂ ಸರಿಸಮ ಇದ್ದರು, ಬದ್ರಿ. ಏನಾದರೂ ಒಂದು ಬೇಕಿತ್ತು. ನಿನ್ನ ಸಾಲು ಸಿಕ್ಕಿತು."

ಅಕ್ಟೋಬರಿನಲ್ಲಿ ತಂಡ ಮೆಲ್ಬರ್ನಿಗೆ ಆಡಲು ಹೋಯಿತು. ಮ್ಯಾಚಿನ ದಿನ ಬೆಳಿಗ್ಗೆ ಬದರಿ ಟ್ರಾಮ್ ಹತ್ತಿ ಡಾಕ್‌ಲ್ಯಾಂಡ್ಸ್‌ಗೆ ಹೋದ. ಹೊಸ ಕ್ಲಬ್ಬಿನವರು ಲೂಯಿಸ್‌ಗೆ ಅಲ್ಲೊಂದು ಎತ್ತರದ ಕಟ್ಟಡದಲ್ಲಿ ಫ್ಲ್ಯಾಟ್ ಮಾಡಿಕೊಟ್ಟಿದ್ದರು. ಹೇಳಬೇಕಾದ ಮಾತನ್ನು ವಿಮಾನದಲ್ಲೇ ನಾಲ್ಕು ಸಲ ಹೇಳಿಕೊಂಡು ಬಂದಿದ್ದ. ಬಂದು ಎರಡು ತಿಂಗಳಾದರೂ ಲೂಯಿಸ್ ಪೆಟ್ಟಿಗೆಗಳನ್ನು ಬಿಚ್ಚಿರಲಿಲ್ಲ. ಅವುಗಳ ಮಧ್ಯೆಯೇ ಕೂರಿಸಿ ಟೀ ಮಾಡಿಕೊಟ್ಟ.

"ಅಮ್ಮ ಹೇಗಿದ್ದಾರೆ?" ಎಂದು ಬದರಿ ಶುರುಮಾಡಿದ.

"ಇಲ್ಲಿಗೆ ಬಾ ಅಂದರೆ ಬರಲ್ಲ. ನಲವತ್ತು ವರ್ಷದ ಮನೆ. ಮಂಗಳವಾರ, ಗುರುವಾರ ಪಕ್ಕದ ಮನೆಯವರು ಬಿಟ್ಟು ಬರ್ತಾರೆ. ಶನಿವಾರ ಯಾರೂ ಸಿಗ್ತಾ ಇಲ್ಲ. ಮ್ಯಾಚ್ ಇಲ್ಲದ ಶನಿವಾರ ಬೆಳಿಗ್ಗೆ ಮೊದಲ ವಿಮಾನಕ್ಕೆ ನಾನೇ ಹೋಗ್ತೀನಿ. ಎಷ್ಟು ದಿನ ಆಗುತ್ತೋ ಗೊತ್ತಿಲ್ಲ."

"ನಾನು ಕರೆದುಕೊಂಡು ಹೋಗ್ತೀನಿ. ಪ್ರತಿ ಶನಿವಾರ."

ಲೂಯಿಸ್ ಎದ್ದು ಬಂದು ಅವನನ್ನು ಅಪ್ಪಿಕೊಂಡ. ಆ ಅಪ್ಪುಗೆಯೊಳಗೆ ನಿಂತು ಬದರಿ ವರದಿಯ ವಿಷಯ ಬಾಯಿ ಬಿಡಲಿಲ್ಲ. ಹೇಡಿ ಎಂದರೆ ಹೇಡಿಯೇ. ತನ್ನನ್ನು ಒಳ್ಳೆಯವನೆಂದು ನಂಬಿದವನ ಎದುರು ಅಲ್ಲವೆನ್ನುವ ಧೈರ್ಯ ಅವನಿಗೆ ಬರಲಿಲ್ಲ. ಆ ಸಂಜೆ ಲೂಯಿಸ್ ಇಪ್ಪತ್ತಾರು ಪಾಯಿಂಟ್ ಮಾಡಿದ. ಒಂದೊಂದನ್ನೂ ಬದರಿಯೇ ಗುರುತು ಹಾಕಿಕೊಂಡ.

ಮಾರ್ಗರೆಟ್ ಬ್ರಾಡಿ ಸಣ್ಣ ಮೈಯ ಹೆಂಗಸು. ಅಷ್ಟೆತ್ತರದ ಮಗ ಎಲ್ಲಿಂದ ಬಂದನೋ ಎನ್ನಿಸುವಂತಿದ್ದರು. ಶನಿವಾರ ಏಳಕ್ಕೆ ಬದರಿ ಕಾರು ನಿಲ್ಲಿಸುವ ಹೊತ್ತಿಗೆ ಗೇಟಿನಲ್ಲೇ ಇರುತ್ತಿದ್ದರು. ಅವನು ಇಳಿದು ಬಾಗಿಲು ತೆಗೆದರೆ, ರಾಣಿಯ ಹಾಗೆ ನಡೆಸಿಕೊಳ್ತೀರಿ ಎಂದು ನಗುತ್ತಿದ್ದರು. ಸುಜಾತಾ ಮಾಡಿದ ರವೆ ಉಂಡೆ ತಿನ್ನುವ ಆಸೆ. ಡಾಕ್ಟರು ಬೇಡವೆಂದಿದ್ದರು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಅವನಿಗೇ ಕೊಡುವರು. ಬದರಿಗೆ ಶನಿವಾರದ ಆ ಇಪ್ಪತ್ತು ನಿಮಿಷಗಳೇ ವಾರದ ನೆಮ್ಮದಿಯಾದವು. ಹೀಗೇ ನಡೆದುಕೊಂಡು ಹೋದರೆ ತಪ್ಪು ತಾನಾಗಿ ಸವೆದು ಹೋಗುತ್ತದೆಂದು ಅವನು ನಿಜವಾಗಿಯೂ ನಂಬತೊಡಗಿದ್ದ.

ಏಳನೆಯ ಶನಿವಾರ ಅವರು ಸೀಟಿನಲ್ಲಿ ಕೂತವರು ಬೆಲ್ಟ್ ಕೂಡ ಹಾಕಿಕೊಳ್ಳದೆ ಹೇಳಿದರು, "ನಿನ್ನೆ ಲೂಯಿಸ್ ಫೋನ್ ಮಾಡಿದ್ದ. ಯಾಕೆ ಅವನನ್ನು ಕಳಿಸಿದರು ಅಂತ ಹಳೆಯ ತಂಡದವನೊಬ್ಬ ಹೇಳಿದನಂತೆ. ಕಾಲೇಜಿನಲ್ಲಿ ಒಂದು ವರ್ಷ ಕಳೆದುಕೊಂಡ, ಶಿಸ್ತಿಲ್ಲ ಅಂತ ಯಾರೋ ವರದಿ ಬರೆದಿದ್ದರಂತೆ. ಆ ವರ್ಷ ನಾನು ವಾಂತಿ ಮಾಡಿಕೊಂಡರೆ ಬಕೆಟ್ ಹಿಡಿದುಕೊಂಡು ಕೂತಿರ್ತಿದ್ದ ನನ್ನ ಮಗ. ಇಪ್ಪತ್ತು ವರ್ಷದ ಹುಡುಗ." ಅವರು ಅವನ ಕಡೆ ತಿರುಗಿದರು. "ನೀವು ಅಲ್ಲೇ ಇದ್ದೀರಲ್ಲ, ಬದ್ರಿ. ಯಾರು ಬರೆದದ್ದು, ಗೊತ್ತಾ?"

ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು.

"ನಾನೇ," ಎಂದ.

ಅವರು ಬೆಲ್ಟ್ ಎಳೆದು ಹಾಕಿಕೊಂಡರು. ಆಮೇಲೆ, "ಅವನನ್ನು ಒಂದು ಮಾತು ಕೇಳಿದ್ರಾ?" ಎಂದರು.

"ಇಲ್ಲ."

ಆಸ್ಪತ್ರೆ ಬಂದಾಗ ಬದರಿ ಇಳಿದು ಸುತ್ತಿ ಬರುವಷ್ಟರಲ್ಲಿ ಅವರೇ ಬಾಗಿಲು ತೆಗೆದುಕೊಂಡು ಇಳಿದಿದ್ದರು. ಅಭ್ಯಾಸಬಲದಿಂದ ಥ್ಯಾಂಕ್ಯೂ ಅಂದರು. ಆ ಸಂಜೆ ಬದರಿ ಲೂಯಿಸ್‌ಗೆ ಫೋನ್ ಮಾಡಿದ. ಅವನು ಎತ್ತಲಿಲ್ಲ.

ಮುಂದಿನ ಶನಿವಾರ ಹತ್ತು ನಿಮಿಷ ಮೊದಲೇ ಹೋದ. ಗೇಟಿನಲ್ಲಿ ಯಾರೂ ಇರಲಿಲ್ಲ. ಬೆಲ್ ಒತ್ತಿದ, ಬಾಗಿಲು ತೆರೆಯಲಿಲ್ಲ. ಬೀದಿಯ ತಿರುವಿನಲ್ಲಿ ನೋಡಿದರೆ ಮಾರ್ಗರೆಟ್ ಬಸ್ ಸ್ಟಾಪಿನಲ್ಲಿ ನಿಂತಿದ್ದರು, ಕೈಚೀಲವನ್ನು ಎದೆಗೊತ್ತಿಕೊಂಡು. ಅವನು ಕಾರು ನಿಧಾನಿಸಿ ಕಿಟಕಿ ಇಳಿಸಿದ. ಅವರು ನೋಡಿದರು. ತಲೆಯನ್ನು ಸ್ವಲ್ಪವೇ ಅಲ್ಲಾಡಿಸಿ ಬಸ್ಸು ಬರುವ ದಿಕ್ಕಿಗೆ ತಿರುಗಿದರು.

ಬಸ್ಸು ಬಂತು. ಅವರು ಕಂಬಿ ಹಿಡಿದು ಒಂದು ಮೆಟ್ಟಿಲು ಹತ್ತಿ, ಉಸಿರು ತೆಗೆದುಕೊಂಡು, ಇನ್ನೊಂದು ಹತ್ತಿದರು. ಬದರಿ ಅದರ ಹಿಂದೆಯೇ ಕಾರು ಬಿಟ್ಟ. ಬಸ್ಸು ಒಂದೊಂದು ಸ್ಟಾಪಿನಲ್ಲಿ ನಿಂತಾಗಲೂ ನಿಂತ, ಹೊರಟಾಗ ಹೊರಟ. ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋದರು. ಆಸ್ಪತ್ರೆಯ ಎದುರು ಅವರು ಇಳಿದು, ರಸ್ತೆ ದಾಟಲು ಹಸಿರು ದೀಪಕ್ಕೆ ಕಾದರು. ಅವನ ಕಾರು ಆ ದೀಪದ ಮುಂದೆಯೇ ನಿಂತಿತ್ತು. ಮಾರ್ಗರೆಟ್ ಅದರ ಮುಂದಿನಿಂದ, ನೆಲ ನೋಡುತ್ತಾ, ನಿಧಾನವಾಗಿ ದಾಟಿ ಹೋದರು.